ಊರಿದ ಕಾಲು

ಲೈಸೆನ್ಸ್ ಕಾರ್ಡು ಮನೆಗೆ ಬಂದು ಎರಡು ದಿನವಾಗಿದ್ದರೂ ಅವಳು ಅದನ್ನು ಒಮ್ಮೆಯೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಅಂಚೆಯವನಿಂದ ಇಸಿದುಕೊಂಡವರು ಅತ್ತೆ. ಲಕೋಟೆ ಒಡೆದವನು ಗಂಡ. ಗೋಡೆಯ ಹಲಗೆಯ ಮೇಲೆ ಗಡಿಯಾರಕ್ಕೆ ಒರಗಿಸಿ, ಮನೆಗೆ ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುವಂತೆ ಅದನ್ನು ನಿಲ್ಲಿಸಿದವನೂ ಅವನೇ. ಆ ಶನಿವಾರ ಬೆಳಿಗ್ಗೆ ಕಾರ್ಖಾನೆಗೆ ಹೊರಡುವ ಮೊದಲು ಹೊತ್ತೆಷ್ಟಾಯಿತೆಂದು ತಲೆಯೆತ್ತಿದಾಗ, ಗಡಿಯಾರದ ಮುಳ್ಳುಗಳ ಕೆಳಗಿನಿಂದ ಹೆಬ್ಬೆರಳಗಲದ ಅವಳದೇ ಮುಖ ಅವಳನ್ನು ದಿಟ್ಟಿಸುತ್ತಿತ್ತು. “ಎಲ್ಲಾ ಚೆನ್ನಾಗೇ ಇದೆ. ಫೋಟೋದಲ್ಲಿ ಮಾತ್ರ ಏನೋ ಕದ್ದು ಸಿಕ್ಕಿಬಿದ್ದವಳ ಥರ ಕಾಣ್ತೀಯ ನೋಡು,” ಎಂದು ಅತ್ತೆ ಲೋಟ ತೊಳೆಯುತ್ತಾ ನಕ್ಕರು. ಕೊಂಕಿಲ್ಲದ ನಗು. ಹಿಂದಿನ ದಿನ ಹಾಲಿನವನಿಗೂ ಎದುರು ಮನೆಯವರಿಗೂ ಕಾರ್ಡನ್ನು ತೋರಿಸಿ, “ನಮ್ಮನೇಲಿ ಇನ್ಮೇಲೆ ಗಂಡಸು ಹಿಂದುಗಡೆ ಕೂರೋದು,” ಎಂದು ಬೀಗಿದ್ದವರು ಇವರೇ. ಆದರೂ ಅವಳು ಥಟ್ಟನೆ ಕಾರ್ಡಿನಿಂದ ಕಣ್ಣು ಹೊರಳಿಸಿದಳು. ಬಾಗಿಲ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಬಲಗಾಲನ್ನು ಮುಂದಕ್ಕೆ ಚಾಚಿ ಕೂತಿದ್ದ ಗಂಡ, ಬೈಕುಗಳ ಬಣ್ಣದ ಹಾಳೆಗಳನ್ನು ತೊಡೆಯ ಮೇಲೆ ಹರಡಿಕೊಂಡು, ಯಾವುದರ ಸೀಟು ನೆಲದಿಂದ ಎಷ್ಟು ಎತ್ತರ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದ. “ಮೂರಕ್ಕೆ ನಾನು ಶೋರೂಮಿನ ಹತ್ರ ಇರ್ತೀನಿ. ನೀನು ಕೆಲಸ ಮುಗಿಸ್ಕೊಂಡು ಸೀದಾ ಅಲ್ಲಿಗೇ ಬಾ,” ಎಂದ. ಹೂಂ ಎಂದಳು. ಹೇಳಬೇಕಾದ್ದು ನಾಲಿಗೆಯ ತುದಿಯವರೆಗೆ ಬಂದು, ಅವನ ಪೆನ್ಸಿಲಿನ ಉತ್ಸಾಹ ನೋಡಿ ಒಳಕ್ಕೆ ಹೋಯಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗಲೆಲ್ಲ ಪಕ್ಕದಲ್ಲಿ ಬೈಕುಗಳು ಬಂದು ನಿಲ್ಲುತ್ತಿದ್ದವು. ನಿಂತ ಕೂಡಲೇ ಎಡಗಾಲು ನೆಲಕ್ಕೆ. ಯಾರಿಗೂ ಅದು ಗೊತ್ತೂ ಆಗುವುದಿಲ್ಲ. ಮನುಷ್ಯನಿಗೆ ವಾಲುವ ಭಯ ಬಂದ ಕೂಡಲೇ ಕಾಲು ತಾನಾಗಿ ನೆಲ ಹುಡುಕುತ್ತದೆ ಎಂದು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿದವನು ಹೇಳಿದ್ದ. “ಅದನ್ನ ಮರೀಬೇಕು ಮೇಡಂ, ಅಷ್ಟೇ ವಿದ್ಯೆ.” ಮೂರು ವಾರ ದಿನಾ ಬೆಳಿಗ್ಗೆ ಮರೆಯುವುದನ್ನು ಕಲಿತಳು. ಪರೀಕ್ಷೆಯ ದಿನ ಮೈದಾನದಲ್ಲಿ ಸುಣ್ಣದ ಗೆರೆಯಲ್ಲಿ ದೊಡ್ಡ ಎಂಟು ಬರೆದಿದ್ದರು. ಕುತ್ತಿಗೆಗೆ ಕರ್ಚೀಫು ಸುತ್ತಿಕೊಂಡಿದ್ದ ಅಧಿಕಾರಿ ಬೇಸರ ತೋರಿಸುವುದಕ್ಕೂ ಬೇಸರಪಡುವಂಥ ಮನುಷ್ಯ; ಕುರ್ಚಿಯಲ್ಲಿ ಕೂತು ರಟ್ಟಿನ ಮೇಲೆ ಕಾಗದ ಇಟ್ಟುಕೊಂಡು ಒಬ್ಬೊಬ್ಬರನ್ನೇ ಕರೆಯುತ್ತಿದ್ದ. ಅವಳ ಮುಂದಿದ್ದವಳು ಒಬ್ಬ ನರ್ಸು. ಆಸ್ಪತ್ರೆಯ ಬಿಳಿ ಬೂಟು ಕಳಚದೆ ಹಾಗೇ ಬಂದಿದ್ದಳು. ಪಾಳಿ ಮುಗಿಯುವ ಹೊತ್ತಿಗೆ ಬಸ್ಸೇ ಇರುವುದಿಲ್ಲವೆಂದೂ, ಇದು ತನ್ನ ಎರಡನೆಯ ಸಲವೆಂದೂ ಸಾಲಿನಲ್ಲಿ ನಿಂತಾಗ ಹೇಳಿದ್ದಳು. ಎಂಟರ ನಡು ದಾಟಿ ಎರಡನೆಯ ಸುತ್ತಿಗೆ ತಿರುಗುವಾಗ ಆ ಬಿಳಿ ಬೂಟು ನೆಲ ಮುಟ್ಟಿತು. “ಕಾಲು ಊರಿದ್ರಿ. ಮುಂದಿನ ತಿಂಗಳು ಬನ್ನಿ,” ಎಂದ ಅಧಿಕಾರಿ, ತಲೆಯೆತ್ತದೆ. ಆಮೇಲೆ ಅವಳ ಸರದಿ. ಮೊದಲ ಸುತ್ತು ನೀರಿನಂತೆ ಹೋಯಿತು. ಎರಡನೆಯ ಸುತ್ತಿನಲ್ಲಿ, ಹೆಚ್ಚುಕಡಿಮೆ ಅದೇ ಜಾಗದಲ್ಲಿ, ಹ್ಯಾಂಡಲ್ಲು ಒಂದು ಗಳಿಗೆ ಅವಳ ಮಾತು ಕೇಳಲಿಲ್ಲ. ಎಡಗಾಲಿನ ಹೆಬ್ಬೆರಳ ತುದಿ ಚಪ್ಪಲಿಯ ಮೂಲಕ ನೆಲದ ಬಿಸಿಯನ್ನು ಮುಟ್ಟಿ ಮೇಲಕ್ಕೆ ಬಂತು. ಅಷ್ಟೇ. ಅದೇ ಹೊತ್ತಿಗೆ ಯಾರೋ ಪೆನ್ನು ಕೇಳಿದ್ದರಿಂದ ಅಧಿಕಾರಿ ಆ ಕಡೆ ತಿರುಗಿದ್ದ. ಎಂಟು ಮುಗಿಸಿ ಬಂದು ನಿಂತಾಗ, “ಪಾಸ್. ಮುಂದಿನವರು,” ಎಂದ.

ಹೇಳಬಹುದಿತ್ತು. ಹೇಳಲು ಬಾಯಿ ತೆರೆದಿದ್ದಳು ಕೂಡ. ಆದರೆ ಮುಂದಿನವರು ಆಗಲೇ ಬಂದು ಬೈಕಿನ ಹ್ಯಾಂಡಲ್ಲು ಹಿಡಿದಿದ್ದರು. ಗೇಟಿನ ಹತ್ತಿರ ಆ ನರ್ಸು ನಿಂತಿದ್ದಳು. ನೋಡಿದ್ದಳು, ಅದು ಮುಖದಲ್ಲೇ ಗೊತ್ತಾಯಿತು. “ಅದೃಷ್ಟ ಇರ್ಬೇಕು ಬಿಡಿ,” ಎಂದು ನಕ್ಕು, ಬ್ಯಾಗು ಹೆಗಲಿಗೇರಿಸಿಕೊಂಡು ಬಸ್‌ಸ್ಟಾಪಿನ ಕಡೆ ಹೋದಳು. ಚುಚ್ಚಿ ಆಡಿದ್ದರೆ ಎಷ್ಟೋ ವಾಸಿಯಿತ್ತು. ನಿಜವಾಗಿಯೂ ಸಂತೋಷದಿಂದ ಹೇಳಿದಂತಿತ್ತು. ಮನೆಗೆ ಬಂದಾಗ ಗಂಡ ಅವಳ ಮುಖ ನೋಡಿ, “ಏನೇ, ಫೇಲಾ?” ಎಂದು ಗಾಬರಿಯಾಗಿದ್ದ. ಪಾಸ್ ಎಂದಾಗ ತನ್ನ ಮಡಚದ ಕಾಲನ್ನೂ ಮರೆತು ದಡಬಡಿಸಿ ಎದ್ದು, ಗೋಡೆ ಹಿಡಿದು ನಿಂತು, “ಅಮ್ಮಾ, ಪಾಸಂತೆ!” ಎಂದು ಕೂಗಿದ್ದ.

ಕಾರ್ಖಾನೆಯಲ್ಲಿ ಅವಳದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವ ಕೆಲಸ. ಹೊಲಿದು ಮುಗಿದ ಶರಟುಗಳು ಅವಳ ಮೇಜಿಗೆ ಬರುತ್ತವೆ. ಕಾಲರಿನ ಎರಡು ತುದಿ ಸಮ ಇವೆಯೇ, ಜೇಬು ನೇರ ಇದೆಯೇ, ತೋಳು ಕೂತಿದೆಯೇ, ಗುಂಡಿ ಗಟ್ಟಿಯಿದೆಯೇ ಎಂದು ಟ್ಯೂಬ್‌ಲೈಟಿನ ಕೆಳಗೆ ತಿರುವಿ ನೋಡಿ, ತಪ್ಪಿದ್ದ ಕಡೆ ಕೆಂಪು ಬಾಣದ ಪುಟ್ಟ ಚೀಟಿ ಅಂಟಿಸಿ ವಾಪಸ್ಸು ಕಳಿಸಬೇಕು. ಹನ್ನೊಂದು ವರ್ಷದಿಂದ ಅದೇ. ಹಾಗಾಗಿ ಅವಳ ಹೆಸರು ಎಲ್ಲರಿಗೂ ಮರೆತುಹೋಗಿ ಬಾಣದಕ್ಕ ಎಂದಾಗಿತ್ತು. ಊಟದ ಹೊತ್ತಿನಲ್ಲಿ ಅವಳು ಬಂದು ಕೂತರೆ ಮಾತು ಒಂದು ಗಳಿಗೆ ನಿಂತು ಬೇರೆ ದಾರಿ ಹಿಡಿಯುತ್ತಿತ್ತು. ಅದು ಅಭ್ಯಾಸವಾಗಿತ್ತು. ಅವಮಾನಗಳು ಕೂಡ ಚಪ್ಪಲಿಯ ಹಾಗೆ, ಕಚ್ಚುವಷ್ಟು ದಿನ ಕಚ್ಚಿ ಆಮೇಲೆ ಕಾಲಿಗೆ ಹೊಂದಿಕೊಳ್ಳುತ್ತವೆ. ಆ ದಿನ ಹತ್ತು ಗಂಟೆಗೆ ಬಂದ ಕಂತೆಯಲ್ಲಿ ಒಂದು ತೋಳು ಹೆಗಲ ಬಳಿ ಸಣ್ಣಗೆ ಸುಕ್ಕಿತ್ತು. ಯಾರ ಹೊಲಿಗೆ ಎಂದು ನಂಬರು ನೋಡದೆಯೇ ಗೊತ್ತಾಯಿತು. ತೋಳು ಕೂರಿಸುವ ಹೆಂಗಸು ಮೂರು ಮೆಷಿನ್ನು ಆಚೆ ಕೂರುತ್ತಾಳೆ. ಮನೆಯಲ್ಲಿ ಅಕ್ಕ ಹಾಸಿಗೆ ಹಿಡಿದ ಮೇಲೆ ಅವಳ ಹೊಲಿಗೆ ಕೆಟ್ಟಿದೆ. ಈ ವಾರ ಎರಡು ವಾಪಸ್ಸಾಗಿವೆ, ಮೂರನೆಯದಾದರೆ ಮೆಷಿನ್ನಿನಿಂದ ಎಬ್ಬಿಸಿ ನೂಲು ಕತ್ತರಿಸುವ ಮೇಜಿಗೆ ಹಾಕುತ್ತಾರೆ. ಬಾಣದ ಚೀಟಿ ಅವಳ ಬೆರಳ ತುದಿಯಲ್ಲಿ ಅಂಟಿಕೊಂಡು ಹಾಗೇ ನಿಂತಿತು. ಹನ್ನೊಂದು ವರ್ಷದಲ್ಲಿ ಅವಳ ಕೈ ಹೀಗೆ ನಿಂತದ್ದಿಲ್ಲ. ತಲೆಯೆತ್ತಿದಾಗ ತೋಳಿನವಳು ಎದ್ದು ಬಂದು ಮೇಜಿನ ಎದುರಿಗೇ ನಿಂತಿದ್ದಳು. ಮೆಷಿನ್ನುಗಳ ಗದ್ದಲದಲ್ಲಿ ಯಾರಿಗೂ ಕೇಳದ ದನಿಯಲ್ಲಿ, ಬೇಡಿಕೊಳ್ಳುವಂತೆಯೂ ಅಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು: “ಒಂದ್ಸಲ ನೋಡದೆ ಇದ್ರೆ ಏನಾಗುತ್ತೆ ಬಾಣದಕ್ಕ?”

ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಆರು ವರ್ಷದ ಹಿಂದೆ, ಜ್ವರ ಬಂದಿದ್ದರೂ ಕೆಲಸಕ್ಕೆ ಬಂದ ಒಂದು ವಾರ, ನೀಲಿ ಚೌಕಳಿಯ ಶರಟುಗಳ ಒಂದು ಇಡೀ ಕಂತೆ ಅವಳ ಕಣ್ಣು ತಪ್ಪಿಸಿ ಹೋಗಿತ್ತು. ಜೇಬಿನ ಚೌಕಳಿ ಮೈಯ ಚೌಕಳಿಗೆ ಕೂಡದೆ ವಾರೆಯಾಗಿತ್ತು. ಗಿರಾಕಿ ಕಂಪನಿ ವಾಪಸ್ಸು ಮಾಡಿದ ಮೇಲೆ ಅವು ಬೀದಿಬದಿ ರಾಶಿ ಹಾಕಿ ಮಾರುವ ಅಗ್ಗದ ಅಂಗಡಿಗಳನ್ನು ಸೇರಿದವು. ತಿಂಗಳ ನಂತರ ಒಂದು ಸಂಜೆ ಗಂಡನ ಬೈಕಿನ ಹಿಂದೆ ಕೂತು ಮಾರ್ಕೆಟ್ಟಿನ ತಿರುವಿನಲ್ಲಿ ಬರುವಾಗ ರಸ್ತೆ ಪಕ್ಕ ಅಂಥದೇ ಶರಟು ತೊಟ್ಟ ಒಬ್ಬ ದಪ್ಪನೆಯ ಮನುಷ್ಯ ಎದೆ ಉಬ್ಬಿಸಿ ನಡೆದು ಹೋಗುತ್ತಿದ್ದ. ಅವಳಿಗೆ ನಗು ತಡೆಯಲಾಗಲಿಲ್ಲ. ಗಂಡನ ಹೆಗಲು ತಟ್ಟಿ, “ರೀ, ಅಲ್ನೋಡಿ, ನನ್ನ ಜೇಬು!” ಎಂದಳು. ಅವನು ತಿರುಗಿದ. ರಸ್ತೆಯ ಮೇಲೆ ಯಾರೋ ಕಟ್ಟಡ ಕಟ್ಟುವವರು ಸುರಿದ ಜಲ್ಲಿ ಇತ್ತು. ಅವಳಿಗೆ ಮೊಣಕೈ ತರಚಿತು, ಅಷ್ಟೇ. ಅವನ ಬಲ ಮೊಣಕಾಲಿನ ಮೇಲೆ ಬೈಕು ಬಿದ್ದಿತ್ತು. ಏಣಿ ಹತ್ತಿ ಊರಿನ ಎಷ್ಟೋ ಮನೆಗಳಿಗೆ ತಂತಿ ಎಳೆದಿದ್ದ ಎಲೆಕ್ಟ್ರೀಷಿಯನ್ನು, ಎರಡು ಆಪರೇಷನ್ ಆದ ಮೇಲೆ ಕಾಲು ಅರ್ಧಕ್ಕಿಂತ ಹೆಚ್ಚು ಮಡಚಲಾರದೆ, ಒಂದು ರಿಪೇರಿ ಅಂಗಡಿಯಲ್ಲಿ ಕೂತು ಫ್ಯಾನಿನ ಮೋಟಾರುಗಳಿಗೆ ತಂತಿ ಸುತ್ತುವವನಾದ. ಬೈಕು ಮಾರಿದರು. ಹೇಗಾಯಿತು ಎಂದು ಕೇಳಿದವರಿಗೆಲ್ಲ, “ಜಲ್ಲಿ ಇತ್ತು, ಜಾರಿತು,” ಎಂದ. ಅವನ ತಾಯಿಗೂ ಅಷ್ಟೇ ಹೇಳಿದ. ಹೆಗಲು ತಟ್ಟಿದ್ದು ಅವನಿಗೆ ನೆನಪಿಲ್ಲವೋ, ನೆನಪಿದ್ದೂ ಬಚ್ಚಿಟ್ಟನೋ ಅವಳಿಗೆ ಇವತ್ತಿಗೂ ತಿಳಿಯದು. ಕೇಳುವ ಧೈರ್ಯ ಬರಲಿಲ್ಲ. ಧೈರ್ಯದ ಬದಲು ದಿನಾ ಸಂಜೆ ಬಿಸಿನೀರಿನ ಚೀಲ ತುಂಬಿ ಅವನ ಮೊಣಕಾಲಿಗೆ ಇಟ್ಟಳು. ಅವನು ಸಿಡುಕಿದಾಗ ಸುಮ್ಮನಿದ್ದಳು. ಅನ್ನಿಸಿದ್ದನ್ನು ಥಟ್ಟನೆ ಆಡಿಬಿಡುತ್ತಿದ್ದವಳು ಮಾತಿಗೆ ಮುಂಚೆ ಒಂದು ಗಳಿಗೆ ನಿಲ್ಲುವುದನ್ನು ಕಲಿತಳು.

“ಬಾಣದಕ್ಕ,” ಎಂದು ತೋಳಿನವಳು ಮತ್ತೆ ಕರೆದಳು. ಸೂಪರ್‌ವೈಸರ್ ಆಚೆ ತುದಿಯಲ್ಲಿ ಬೆನ್ನು ಹಾಕಿ ನಿಂತಿದ್ದ. ಅವಳು ಬಾಣದ ಚೀಟಿಯನ್ನು ಬೆರಳಿನಿಂದ ತೆಗೆದು ಹಾಳೆಗೇ ವಾಪಸ್ಸು ಅಂಟಿಸಿದಳು. ಶರಟನ್ನು ಮಡಚಿ ತೋಳಿನವಳ ಕೈಗೆ ಕೊಟ್ಟಳು. “ಊಟಕ್ಕೆ ಮುಂಚೆ ಬಿಚ್ಚಿ ಹೊಲಿದು ತಾ. ನಾನು ಇನ್ನೂ ನೋಡಿಲ್ಲ,” ಎಂದಳು. ತೋಳಿನವಳು ಅದನ್ನು ಎದೆಗವಚಿಕೊಂಡು ಹೋದಳು. ಊಟದ ಗಂಟೆಗೆ ಶರಟು ವಾಪಸ್ಸು ಬಂತು. ತೋಳು ಬೆಣ್ಣೆಯ ಹಾಗೆ ಕೂತಿತ್ತು. ಆದರೂ ಅವಳಿಗೆ ಸಮಾಧಾನವಾಗಲಿಲ್ಲ. ಆ ತೋಳನ್ನು ಬಿಚ್ಚಿ ಹೊಲಿಯುವುದಕ್ಕಾಯಿತು. ಮೈದಾನದಲ್ಲಿ ಊರಿದ ಕಾಲನ್ನು, ಮಾರ್ಕೆಟ್ಟಿನ ತಿರುವಿನಲ್ಲಿ ತಟ್ಟಿದ ಕೈಯನ್ನು ಎಲ್ಲಿಂದ ಬಿಚ್ಚಬೇಕು?

ಶೋರೂಮಿನ ಗಾಜಿನ ಬಾಗಿಲ ಹೊರಗೆ ಗಂಡ ಆಗಲೇ ಬಂದು ನಿಂತಿದ್ದ. ತೊಳೆದಿಟ್ಟ ಶರಟು ಹಾಕಿ, ತಲೆ ಬಾಚಿ, ಮದುವೆಗೆ ಹೊರಟವನ ಹಾಗಿದ್ದ. ಒಳಗೆ ಹೊಳೆಯುವ ನೆಲ. ಬೈಕುಗಳೆಲ್ಲ ಒಂದೇ ಕಡೆ ಕತ್ತು ತಿರುಗಿಸಿ ಸಾಲಾಗಿ ನಿಂತಿದ್ದವು. ಟೈ ಕಟ್ಟಿದ ಸೇಲ್ಸ್‌ನವನು ಬಂದು ನೇರ ಗಂಡನ ಕೈ ಕುಲುಕಿದ. “ಬನ್ನಿ ಸರ್. ಸರ್‌ಗೆ ಮೈಲೇಜ್ ಮುಖ್ಯಾನಾ, ಪಿಕಪ್ ಮುಖ್ಯಾನಾ?” ಗಂಡ, “ಓಡಿಸೋದು ನಾನಲ್ಲಪ್ಪ, ಇವಳು,” ಎಂದ. “ಓ, ಮೇಡಮ್‌ಗಾ! ಹಾಗಾದ್ರೆ ಸ್ಕೂಟರ್ ಈ ಕಡೆ ಇದಾವೆ ಸರ್,” ಎಂದು ಮತ್ತೆ ಗಂಡನಿಗೇ ಹೇಳಿದ. “ಸ್ಕೂಟರ್ ಅಲ್ಲ. ಅವಳ ಲೈಸೆನ್ಸು ಗೇರ್ ಇರೋದಕ್ಕೆ,” ಎಂದು ಗಂಡ ಜೇಬಿಗೆ ಕೈ ಹಾಕಿದ. ಗಡಿಯಾರದ ಪಕ್ಕ ಇದ್ದ ಕಾರ್ಡು ಅವನ ಜೇಬಿನಲ್ಲಿತ್ತು! ಅದನ್ನು ಕನ್ನಡಿ ತೋರಿಸುವವನ ಹಾಗೆ ಎರಡು ಬೆರಳಲ್ಲಿ ಹಿಡಿದು ಸೇಲ್ಸ್‌ನವನ ಮುಖದೆದುರು ಹಿಡಿದ. “ಮೊದಲನೇ ಸಲಕ್ಕೇ ಪಾಸು. ಅಲ್ಲಿ ಎಷ್ಟೋ ಜನ ಫೇಲಾದ್ರಂತೆ.” ಅವಳು ತಲೆ ತಗ್ಗಿಸಿದಳು. ನೆಲ ಇನ್ನೂ ಹೊಳೆಯುತ್ತಿತ್ತು. ಅದರಲ್ಲಿ ತಲೆಕೆಳಗಾಗಿ ನಿಂತ ಬೈಕುಗಳ ನಡುವೆ ಬಿಳಿ ಬೂಟು ಹಾಕಿದ ಯಾರೋ ನಡೆದು ಹೋದಂತಾಯಿತು. ನೋಡಿದರೆ ನೆಲ ಒರೆಸುವವಳ ಬಕೆಟ್ಟು.

ಗಂಡ ಪೆನ್ಸಿಲ್ ಗುರುತಿನ ಹಾಳೆ ತೆಗೆದು ಒಂದು ಬೂದು ಬಣ್ಣದ ಬೈಕಿನ ಹತ್ತಿರ ಹೋದ. ತಗ್ಗು ಸೀಟು, ಹಿಂದೆ ಅಗಲವಾದ ಜಾಗ, ಹಿಡಿದುಕೊಳ್ಳಲು ಗಟ್ಟಿ ಕಂಬಿ. ನೋಡಿದ ಕೂಡಲೇ ಗೊತ್ತಾಗುತ್ತಿತ್ತು, ಅದು ಯಾರ ಮೊಣಕಾಲಿಗಾಗಿ ಮಾಡಿದ್ದೆಂದು. ಆದರೆ ಅವಳ ಕಣ್ಣು ಗೋಡೆಯ ಪಕ್ಕ ಒಂಟಿಯಾಗಿ ನಿಂತಿದ್ದ ಇನ್ನೊಂದರ ಮೇಲಿತ್ತು. ಕಡು ಹಸಿರು, ಗುಂಡು ದೀಪ, ಸಪೂರ ಮೈ, ಸ್ವಲ್ಪ ಎತ್ತರ. ಕಾರ್ಖಾನೆಯ ಬಸ್ಸಿನಿಂದ ಎಷ್ಟೋ ಸಲ ಅಂಥದನ್ನು ನೋಡಿ, ಅದು ತಿರುವಿನಲ್ಲಿ ಮರೆಯಾಗುವವರೆಗೆ ಕತ್ತು ಹೊರಳಿಸಿದ್ದಳು. ಯಾಕೆ ಬೇಕೆಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಮದುವೆಯಾದಾಗಿನಿಂದ ಹನ್ನೆರಡು ವರ್ಷ ಅವಳು ರಸ್ತೆಯನ್ನು ಅರ್ಧವೇ ನೋಡಿದ್ದಳು. ಉಳಿದರ್ಧ ಗಂಡನ ಬೆನ್ನು. ಆಮೇಲಿನ ಆರು ವರ್ಷ ಬಸ್ಸಿನ ಕಿಟಕಿ. “ಇದ್ರಲ್ಲಿ ಕೂತು ನೋಡೇ,” ಎಂದು ಗಂಡ ಬೂದು ಬೈಕಿನ ಸೀಟು ತಟ್ಟಿದ. ಅವಳು ಹೋಗಿ ಕೂತಳು. ಎರಡು ಕಾಲೂ ಸಲೀಸಾಗಿ ನೆಲ ಮುಟ್ಟಿದವು. “ಈಗ ನಾನು,” ಎಂದು ಅವನು ಸೇಲ್ಸ್‌ನವನ ಹೆಗಲು ಹಿಡಿದು, ಬಲಗಾಲನ್ನು ಕೋಲಿನ ಹಾಗೆ ಹಿಂದಿನಿಂದ ತಿರುಗಿಸಿ, ಉಸ್ಸೆಂದು ಕೂತ. ಬೈಕು ಸಣ್ಣಗೆ ತಗ್ಗಿತು. ಅವನ ಕೈ ಅವಳ ಹೆಗಲ ಮೇಲೆ ಬಂದು ಕೂತಿತು. ಅವಳ ಹೆಗಲ ಮೇಲೆ ಅವನ ಕೈ ಇರುವುದು ಹೊಸದಲ್ಲ; ಮೆಟ್ಟಿಲು ಇಳಿಯುವಾಗ, ಬಸ್ಸು ಹತ್ತುವಾಗ ದಿನಾ ಇರುತ್ತದೆ. ಆದರೆ ಹೀಗೆ, ಹಿಂದಿನಿಂದ, ನೀನು ಎಲ್ಲಿಗೆ ಕರೆದುಕೊಂಡು ಹೋದರೂ ಸರಿ ಎನ್ನುವ ಹಾಗೆ ಎಂದೂ ಇರಲಿಲ್ಲ. ಸೇಲ್ಸ್‌ನವನು ಯಾವುದೋ ಕಾಗದ ತರಲು ಹೋದ. ಅವಳು ಎದುರಿನ ಗಾಜನ್ನು ನೋಡುತ್ತಾ, ತಿರುಗದೆ ಹೇಳಿದಳು: “ಟೆಸ್ಟ್‌ನಲ್ಲಿ ನನ್ನ ಕಾಲು ತಾಗಿತ್ತು ರೀ.”

ಹಿಂದಿನಿಂದ ಪ್ರಶ್ನೆ ಬಂತು: “ಯಾವ ಕಾಲು?”

“ಎಡಗಾಲು. ಹೆಬ್ಬೆರಳು ಮಾತ್ರ. ಅವರು ಆ ಕಡೆ ತಿರುಗಿದ್ರು.”

“ಹೆಬ್ಬೆರಳಾದ್ರೂ ಊರಿದ್ದು ಊರಿದ್ದೇ,” ಎಂದ ಅವನು, ನಿಧಾನವಾಗಿ, ಸುಟ್ಟುಹೋದ ಮೋಟಾರೊಂದನ್ನು ಬಿಚ್ಚಿ ನೋಡಿದವನ ಹಾಗೆ.

ಒಂದು ಹೊಲಿಗೆ ಬಿಚ್ಚಿದರೆ ದಾರ ತಾನಾಗಿ ಬರುತ್ತದೆ. “ಇನ್ನೊಂದಿದೆ,” ಎಂದಳು. “ಅವತ್ತು ಮಾರ್ಕೆಟ್ಟಿನ ಹತ್ರ… ನಾನು ಹೆಗಲು ತಟ್ಟಿದ್ದಕ್ಕೇ ನೀವು ತಿರುಗಿದ್ದು. ಬಿದ್ದದ್ದು ಜಲ್ಲಿಯಿಂದಲ್ಲ. ಆ ಶರಟು ನಾನೇ ಪಾಸ್ ಮಾಡಿದ್ದು, ತಟ್ಟಿದ್ದೂ ನಾನೇ.” ಅವಳ ದನಿ ಅವಳಿಗೇ ಪರಿಚಯವಿಲ್ಲದಂತೆ ಸಪ್ಪಗಿತ್ತು. ಹೆಗಲ ಮೇಲಿದ್ದ ಕೈ ತೆಗೆದದ್ದು ಗೊತ್ತಾಯಿತು. ಬೈಕು ಒಮ್ಮೆ ವಾಲಿತು, ಅವನು ಇಳಿಯುತ್ತಿದ್ದ. ಸಹಾಯಕ್ಕೆಂದು ತಿರುಗುವಷ್ಟರಲ್ಲಿ ಇಳಿದೂ ಆಗಿತ್ತು. ಕುಂಟುತ್ತಾ ಹೋಗಿ ಗೋಡೆ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿ ಕೂತ. “ಸರ್, ಕಂಫರ್ಟ್ ಆಯ್ತಾ?” ಎಂದು ಸೇಲ್ಸ್‌ನವನು ಕಾಗದದೊಂದಿಗೆ ಬಂದ. “ಒಂದೈದು ನಿಮಿಷ ಬಿಡಪ್ಪ,” ಎಂದ ಗಂಡ. ಅವಳು ಅವನೆದುರು ಬಂದು, ಶಾಲೆಯಲ್ಲಿ ತಪ್ಪು ಮಾಡಿದವಳ ಹಾಗೆ ಕೈ ಕಟ್ಟಿ ನಿಂತಳು. ಆರು ವರ್ಷ ಈ ಗಳಿಗೆಯನ್ನು ಎಷ್ಟೋ ಬಗೆಯಲ್ಲಿ ಕಲ್ಪಿಸಿಕೊಂಡಿದ್ದಳು. ಅವುಗಳಲ್ಲಿ ಯಾವುದರಲ್ಲೂ ಹಿನ್ನೆಲೆಯಲ್ಲಿ ಹೆಲ್ಮೆಟ್ಟುಗಳ ಸಾಲಿರಲಿಲ್ಲ.

“ತಟ್ಟಿದ್ದು ನಂಗೆ ಗೊತ್ತಿಲ್ವಾ? ಹೆಗಲು ನಂದೇ ಅಲ್ವೇನೇ,” ಎಂದ.

“ಮತ್ತೆ ಎಲ್ಲರ ಹತ್ರ ಜಲ್ಲಿ ಅಂದ್ರಲ್ಲ.”

“ಜಲ್ಲಿ ಇತ್ತು ಕಣೇ. ಜಲ್ಲಿ ಇಲ್ದೆ ಬೀಳ್ತಿದ್ನಾ? ನೀನೇನು ನನ್ನ ಕತ್ತು ಹಿಡ್ಕೊಂಡು ತಿರುಗಿಸಿದ್ಯಾ? ತಿರುಗಿದ್ದು ನಾನು.” ಮೊಣಕಾಲನ್ನು ಒಮ್ಮೆ ಸವರಿಕೊಂಡ. “ಆ ಜೇಬು ನಿಜವಾಗ್ಲೂ ವಾರೆ ಇತ್ತು. ಬೀಳೋಕ್ ಮುಂಚೆ ನಂಗೂ ನಗು ಬಂದಿತ್ತು.”

ಅವಳಿಗೆ ಅಳು ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ಅವನ ಮುಖದಲ್ಲಿ ಕ್ಷಮೆಗಿಂತ ಬೇರೆ ಏನೋ ಇತ್ತು, ಲೆಕ್ಕ ತಪ್ಪಿ ಹೋದವನ ಬೆರಗು. “ಅದಕ್ಕೇನಾ,” ಎಂದ ಕೊನೆಗೆ. “ಆ ಬಿಸಿನೀರಿನ ಚೀಲ, ನಾನು ರೇಗಿದ್ರೂ ಬಾಯಿ ಬಿಡದೆ ಇದ್ದದ್ದು, ಎಲ್ಲಾ ಅದಕ್ಕೇನಾ? ಆರು ವರ್ಷದಲ್ಲಿ ನೀನು ನನ್ನ ಜೊತೆ ಒಂದೇ ಒಂದು ಜಗಳ ಆಡಿಲ್ಲ, ಗೊತ್ತಾ ನಿಂಗೆ? ಮುಂಚೆ ಪಾತ್ರೆ ಎಸೀತಿದ್ದೆ ನೀನು. ಕುಂಟ ಆದ ಮೇಲೆ ಸುಮ್ಮನಾದೆ. ನಾನು ಏನಂದ್ಕೊಂಡೆ ಹೇಳು? ಪಾಪ ಅಂತ ಬಿಟ್ಟಿದಾಳೆ ಅಂದ್ಕೊಂಡೆ. ನನ್ನ ಹೆಂಡ್ತಿ ನನ್ನ ನೋಡಿ ಅಯ್ಯೋ ಪಾಪ ಅಂತಿದಾಳೆ ಅಂತ… ಮೊಣಕಾಲು ನೋಯೋದು ನೋವೇ ಅಲ್ಲ ಕಣೇ ಅದರ ಮುಂದೆ.” ದನಿ ಏರಿತ್ತು. ನೆಲ ಒರೆಸುವವಳು ಕೈ ನಿಲ್ಲಿಸಿ ಈ ಕಡೆ ನೋಡಿದಳು. ಅವಳಿಗೆ ಒಂದರ ಮೇಲೊಂದು ಸಂಜೆಗಳು ನೆನಪಾದವು. ಚೀಲ ಇಡುವಾಗ ಅವನು ಗೋಡೆಯ ಕಡೆ ತಿರುಗಿ ಕೂರುತ್ತಿದ್ದುದು, ಬೇಕೆಂದೇ ಕೆಣಕಿ ಮಾತಾಡುತ್ತಿದ್ದುದು, ಅವಳು ಸುಮ್ಮನಿದ್ದಷ್ಟೂ ಅವನು ಕುಗ್ಗುತ್ತಿದ್ದುದು. ಅವನು ಜಗಳ ಬೇಡುತ್ತಿದ್ದ. ಅವಳು ದಂಡ ಕಟ್ಟುತ್ತಿದ್ದಳು. ಒಂದೇ ಚೀಲದ ಎರಡು ಬದಿಗೆ ಇಬ್ಬರೂ ಬೇರೆ ಬೇರೆಯಾಗಿ ಸುಟ್ಟುಕೊಂಡಿದ್ದರು.

“ಪಾಪ ಅಂತೆ, ಪಾಪ!” ಎಂದಳು. ಎಲ್ಲಿತ್ತೋ ಆ ಸಿಟ್ಟು. “ನಿಮ್ಮನ್ನ ನೋಡಿ ಪಾಪ ಅನ್ನೋಕೆ ನಂಗೇನು ಹುಚ್ಚಾ? ಒಂದ್ ಮಾತು ಕೇಳೋಕಾಗ್ತಿರ್ಲಿಲ್ವಾ? ಆರು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ರಿ?”

“ನೀನೇನಿಟ್ಕೊಂಡಿದ್ದೆ?”

“ನಂದು ಬೇರೆ!”

“ಏನ್ ಬೇರೆ? ಹೋಗ್ಲಿ, ಇವತ್ತು ಬಾಯಿ ಬಂತಲ್ಲ. ಈಗ ಬೈಕ್ ಹೇಳು. ಯಾವುದು ಬೇಕು?”

“ಆ ಬೂದು ಬಣ್ಣದ್ದೇ. ನೀವು ಗುರುತು ಹಾಕಿದ್ದು.”

“ಸುಳ್ಳು. ಒಳಗೆ ಬಂದಾಗಿಂದ ಆ ಹಸಿರು ನೋಡ್ತಿದೀಯ. ನಾನೇನು ಕಣ್ಣಿಗೂ ಕುಂಟಾನಾ?”

“ಅದು ಎತ್ತರ. ನಿಮಗೆ ಹತ್ತೋಕಾಗಲ್ಲ.”

“ಹತ್ತೋದು ನನ್ನ ತಲೆನೋವು. ಓಡಿಸೋಳು ನೀನು. ಮತ್ತೆ ನನ್ನ ಕಾಲಿಗೆ ಅಂತ ಇಷ್ಟ ಇಲ್ದಿರೋದನ್ನ ತಗೊಂಡು ಇನ್ನೊಂದಾರು ವರ್ಷ ಸುಮ್ಮನಿರ್ತೀಯಾ?”

“ನಿಮ್ಮನ್ನ ಬಿಟ್ಟು ಒಬ್ಬಳೇ ಓಡಾಡೋಕೆ ನಂಗ್ಯಾಕ್ರೀ ಬೈಕು?”

“ಒಬ್ಬಳೇ ಓಡಾಡು, ಯಾರ್ ಬೇಡ ಅಂದ್ರು? ನಾನು ಬರೋ ದಿನ ಬರ್ತೀನಿ, ಹೇಗ್ ಹತ್ತಬೇಕೋ ಹತ್ತುತೀನಿ!” ಈಗ ಶೋರೂಮಿನ ಇನ್ನೊಂದು ತುದಿಯವರೂ ನೋಡುತ್ತಿದ್ದರು. ಸೇಲ್ಸ್‌ನವನು ಕಾಗದವನ್ನು ಎದೆಗೆ ಹಿಡಿದುಕೊಂಡು, “ಸರ್, ಬೇಕಾದ್ರೆ ಇನ್ನೊಂದಿನ ಬನ್ನಿ ಸರ್,” ಎಂದ ಮೆಲ್ಲಗೆ. ಇಬ್ಬರೂ ಒಟ್ಟಿಗೇ ಅವನ ಕಡೆ ತಿರುಗಿ, “ನೀನು ಸುಮ್ಮನಿರಪ್ಪ!” ಎಂದರು. ಆಮೇಲೆ ಅವಳು ಹೋಗಿ ಹಸಿರು ಬೈಕಿನ ಮೇಲೆ ಕೂತಳು. ಪಾದದ ಮುಂಭಾಗ ಮಾತ್ರ ನೆಲ ಮುಟ್ಟಿತು. ಟ್ಯಾಂಕಿಗೆ ಮಂಡಿ ತಾಗಿಸಿದಳು. ಮುಂದೆ ಯಾರ ಬೆನ್ನೂ ಇರಲಿಲ್ಲ. “ಇದು,” ಎಂದಳು. ಸೇಲ್ಸ್‌ನವನು ಮೊದಲ ಸಲ ಅವಳನ್ನು ನೋಡಿ ಕೇಳಿದ: “ಮೇಡಂ, ಯಾವ ವಾರ ಡೆಲಿವರಿ ಕೊಡಲಿ?”

“ನಿಲ್ಲು,” ಎಂದ ಗಂಡ. “ಅದಕ್ಕೆ ಮುಂಚೆ ಒಂದು ಕೆಲಸ ಇದೆ.”

ಮರುದಿನ ಭಾನುವಾರ ಬೆಳಿಗ್ಗೆ ಅವನು ಡ್ರೈವಿಂಗ್ ಸ್ಕೂಲಿನ ಹಳೇ ಬೈಕನ್ನು ಅರ್ಧ ದಿನಕ್ಕೆ ಕೇಳಿ ತರಿಸಿಕೊಂಡು, ಮನೆಯಿಂದ ಒಂದು ಡಬ್ಬಿ ಸುಣ್ಣದ ಪುಡಿ ತೆಗೆದುಕೊಂಡು ಮೈದಾನಕ್ಕೆ ಬಂದ. ಅತ್ತೆ ಕೊಡೆ ಹಿಡಿದು ಜೊತೆಗೆ ಬಂದರು. “ಇದ್ಯಾಕೋ, ಕಾರ್ಡ್ ಬಂದಿದೆಯಲ್ಲೋ?” ಎಂದು ಕೇಳಿದ್ದಕ್ಕೆ ಅವನು, “ಸರ್ಕಾರದ್ದು ಬಂದಿದೆ, ಮನೇದು ಬಂದಿಲ್ಲ,” ಎಂದ. ಕುಂಟುತ್ತಲೇ ಎಂಟು ಬರೆದ. ಅವನು ಬರೆದ ಎಂಟು ಅಧಿಕಾರಿಯದಕ್ಕಿಂತ ಚಿಕ್ಕದಿತ್ತು. ಅವಳು ತಕರಾರು ತೆಗೆದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಕುರ್ಚಿ ಹಾಕಿಕೊಂಡು ಕೂತು, ರೆಪ್ಪೆ ಮಿಟುಕಿಸದೆ ನೋಡಿದ. ಮೊದಲ ಸಲ ಕಾಲು ಊರಿತು. “ಫೇಲ್,” ಎಂದ. ಎರಡನೇ ಸಲ ಗೆರೆ ತುಳಿದಳು. “ಫೇಲ್.” ಮೂರನೇ ಸಲ ಊರಲಿಲ್ಲವೆಂದು ಅವಳು ಆಣೆ ಮಾಡಿದಳು, ಊರಿತ್ತೆಂದು ಅವನು. ಅತ್ತೆಯನ್ನು ಕೇಳಿದಾಗ, “ನಾನು ಅವಳ ಮುಖ ನೋಡ್ತಿದ್ದೆ ಕಣೋ, ಕಾಲು ಯಾರು ನೋಡಿದ್ರು,” ಎಂದರು. ಇಬ್ಬರೂ ಮೈದಾನದ ಮಧ್ಯೆ ಗಂಟಲು ಹರಿಯುವಂತೆ ಜಗಳವಾಡಿದರು. ಬೆವರಿನಿಂದ ಹೆಲ್ಮೆಟ್ಟಿನೊಳಗೆ ಅವಳ ಕಣ್ಣು ಉರಿಯುತ್ತಿತ್ತು. ಆ ನರ್ಸಿನ ನೆನಪಾಯಿತು. ಮುಂದಿನ ತಿಂಗಳು ಅದೇ ಸಾಲಿನಲ್ಲಿ ಮತ್ತೆ ನಿಂತಿರುತ್ತಾಳೆ. ಆ ಕಾರ್ಡು ತನಗೆ ಬಂದದ್ದು ಸರಿಯಲ್ಲ ಎಂಬುದು ಈ ಒಂದು ಬೆಳಿಗ್ಗೆಯಿಂದ ಅಳಿಸಿಹೋಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೆ ಕಣ್ಣಿನಲ್ಲಿ ಕಣ್ಣಿಟ್ಟು ನೋಡುವ ಒಬ್ಬನ ಎದುರು ಬೀಳುವುದರಲ್ಲಿ ಎಂಥದೋ ಹಗುರ ಇತ್ತು. ಐದನೇ ಸಲ ಬೈಕು ಗೆರೆಯ ನಡುವೆ ತಾನೇ ತಾನಾಗಿ ಹರಿಯಿತು. ಮುಗಿದದ್ದು ಅವಳಿಗೆ ತಿಳಿಯಲೇ ಇಲ್ಲ, ಇನ್ನೊಂದು ಸುತ್ತು ಹಾಕಿದಳು. ನಿಂತಾಗ ಅವನು ಬಹಳ ಹೊತ್ತು ಯೋಚಿಸಿ, “ಹೂಂ. ಪಾಸು,” ಎಂದ. ನಗಲಿಲ್ಲ.

ಹಸಿರು ಬೈಕು ಬಂದದ್ದು ಮುಂದಿನ ಶನಿವಾರ. ಮಧ್ಯಾಹ್ನ ಶೋರೂಮಿನ ಹೊರಗೆ ಸೇಲ್ಸ್‌ನವನು ಅವಳ ಕೈಗೆ ಕೀಲಿ ಕೊಟ್ಟ. ಎಂಜಿನ್ ಶುರು ಮಾಡಿದಾಗ ಅದರ ಸದ್ದು ಮೊಣಕೈವರೆಗೂ ಹತ್ತಿತು. ಗಂಡ ಹೆಲ್ಮೆಟ್ಟು ಹಾಕಿಕೊಂಡು ಬೈಕಿನ ಸುತ್ತ ಒಂದು ಸಲ ಬಂದ. ಒಮ್ಮೆ ಕಾಲೆತ್ತಲು ನೋಡಿದ, ಆಗಲಿಲ್ಲ. ಸೇಲ್ಸ್‌ನವನು ಕೈ ಚಾಚಿದ. “ಬೇಡ,” ಎಂದ ಅವನು. ರಸ್ತೆಯುದ್ದಕ್ಕೂ ಕಣ್ಣು ಹಾಯಿಸಿದ; ಎಲ್ಲಿ ಏಣಿ ಇಡಬೇಕೆಂದು ನೋಡುತ್ತಿದ್ದ ಕಾಲದ ನೋಟ ಅದು. “ಅಲ್ಲಿ ಫುಟ್‌ಪಾತ್ ಎತ್ತರ ಇದೆ. ಅದರ ಪಕ್ಕಕ್ಕೆ ತಂದು ನಿಲ್ಸು. ಇನ್ನೂ ಹತ್ರ. ಅಷ್ಟು ದೂರ ಅಲ್ವೇ, ಗೇಣು ಹತ್ರ!” “ಗೊತ್ತು, ಕಿರಿಚಬೇಡಿ,” ಎಂದಳು. ಫುಟ್‌ಪಾತಿಗೆ ಒತ್ತಿ ನಿಲ್ಲಿಸಿ, ಬ್ರೇಕು ಬಿಗಿ ಹಿಡಿದು ಕಾದಳು. ಅವನು ಫುಟ್‌ಪಾತು ಹತ್ತಿ, ಎಡಗಾಲು ಗಟ್ಟಿ ಮಾಡಿಕೊಂಡು, ಉಸಿರು ಎಳೆಯುತ್ತಿದ್ದುದು ಕೇಳಿಸಿತು. ಕನ್ನಡಿಯಲ್ಲಿ ಅವನ ಸೊಂಟದ ತುದಿ ಮಾತ್ರ ಕಾಣುತ್ತಿತ್ತು. ಹಿಂದಕ್ಕೆ ಕೈ ಚಾಚಬಹುದಿತ್ತು. ಕೈ ಆಗಲೇ ಹ್ಯಾಂಡಲ್ಲಿನಿಂದ ಒಂದು ಬೆರಳಷ್ಟು ಎದ್ದಿತ್ತು. ಅವಳು ಅದನ್ನು ವಾಪಸ್ಸು ತಂದು ಬಿಗಿಯಾಗಿ ಹಿಡಿದಳು. ತಿರುಗಿ ನೋಡಲಿಲ್ಲ. ಮೊದಲ ಸಲ ಅವನ ಚಪ್ಪಲಿ ಸೀಟಿಗೆ ತಾಗಿ ಜಾರಿತು, ಬೈಗುಳವೊಂದು ಕೇಳಿಸಿತು. ಎರಡನೇ ಸಲಕ್ಕೆ ಬೈಕು ಒಮ್ಮೆಲೇ ಭಾರವಾಗಿ, ಹಿಂದಿನಿಂದ ಕೆಳಕ್ಕೆ ಕೂತು, ಆ ಭಾರಕ್ಕೆ ಹೊಂದಿಕೊಂಡು ನೆಟ್ಟಗಾಯಿತು. “ನೋಡಿದ್ಯಾ?” ಎಂದ ಅವನು, ಏದುಸಿರು ಬಿಡುತ್ತಾ. “ಇಲ್ಲ,” ಎಂದು ಅವಳು ಗೇರು ಹಾಕಿದಳು.